ಗೌರವ್ವನ ನೀರಿನಲ್ಲಿ ಬೆಂದ ಚೋಲೆ

ಹೊಸದಾಗಿ ಕ್ಯಾಂಟೀನ್ ಕೆಲಸಕ್ಕೆ ಸೇರುವ ಹುಡುಗಿಯರು ಮೊದಲ ದಿನ ಒಲೆ ನೋಡುತ್ತಾರೆ, ಫ್ರಿಜ್ ನೋಡುತ್ತಾರೆ, ಸ್ಟೋರ್ ರೂಮಿನ ಬೀಗ ನೋಡುತ್ತಾರೆ. ನೀರು ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಅಡುಗೆಯಲ್ಲಿ ಅರ್ಧ ಕೆಲಸ ನೀರಿನದು ಎನ್ನುವುದನ್ನು ನನಗೆ ಕಲಿಸಿದ್ದು ಕಾಬೂಲಿ ಕಡಲೆ. ಉಳಿದದ್ದನ್ನು ಕಲಿಸಿದ್ದು ಒಂದು ಬಾವಿ. ಆ ಬಾವಿಯ ವಿಷಯ ನಾನು ಇದುವರೆಗೆ ಯಾವ ಟ್ರೇನಿಂಗ್ ಕ್ಲಾಸಿನಲ್ಲೂ ಹೇಳಿಲ್ಲ. ಹೇಳಿದರೆ, ಪಾಪ, ಮೇಡಂಗೆ ವಯಸ್ಸಾಯಿತು ಎನ್ನುತ್ತೀರಿ. ಆಗಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಕೊಪ್ಪಳ ಆಗಷ್ಟೇ ಬೇರೆ ಜಿಲ್ಲೆಯಾಗಿತ್ತು. ನನ್ನ ತವರು ಯಲಬುರ್ಗಾ. ಓದಿದ್ದು ಹುಬ್ಬಳ್ಳಿಯಲ್ಲಿ, ಕಾನ್ವೆಂಟಿನ ಬೋರ್ಡಿಂಗಿನಲ್ಲಿ. ಹೋಮ್ ಸೈನ್ಸ್ ಮುಗಿಸಿ, ಅಲ್ಲಿ ಇಲ್ಲಿ ಹಾಸ್ಟೆಲುಗಳ ಮೆಸ್ ನೋಡಿಕೊಂಡು, ನಡುವಯಸ್ಸಿನಲ್ಲಿ ಊರ ಕಡೆ ಮರಳಿದಾಗ ಕೊಪ್ಪಳದ ಹೊರಗೆ ಒಂದು ಕಬ್ಬಿಣದ ಕಾರ್ಖಾನೆ ಏಳುತ್ತಿತ್ತು. ಅದರ ಕ್ಯಾಂಟೀನಿಗೆ ನಾನು ಸೂಪರ್‌ವೈಸರ್ ಆದೆ. ಕುಲುಮೆಯ ಕೆಲಸ ಬಲ್ಲ ಗಂಡಸರು ಉತ್ತರದಿಂದ, ಬಿಹಾರ, ಯುಪಿ, ಪಂಜಾಬಿನಿಂದ ಬಂದರು. ಅಡುಗೆಗೆ ಬಂದವರು ಕಾಂಪೌಂಡಿನ ಆಚೆಯ ಹಳ್ಳಿಯ ಹೆಣ್ಣುಮಕ್ಕಳು. ಅವರಲ್ಲಿ ಹಿರಿಯಳು ಫಕೀರವ್ವ. ಒಣಗಿದ ಮೈ, ಕಡಿಮೆ ಮಾತು, ಬಾಯಲ್ಲಿ ಸದಾ ಎಲೆ ಅಡಿಕೆ. ಕಿರಿಯಳು ಹುಲಿಗೆವ್ವ, ಆಕೆಯ ಬಾಯಲ್ಲಿ ಎಲೆ ಅಡಿಕೆಗೆ ಜಾಗವೇ ಇರಲಿಲ್ಲ, ಅಷ್ಟು ಮಾತು. ಎಲ್ಲರೂ ನನ್ನನ್ನು ಮರ್ಯಾದೆಗೆ ಬಾಯಾರ ಎನ್ನುತ್ತಿದ್ದರು.

ಆ ಗಂಡಸರು ನಮ್ಮ ಅನ್ನ ಸಾರನ್ನು ತಲೆ ತಗ್ಗಿಸಿಕೊಂಡು ಉಣ್ಣುತ್ತಿದ್ದರು. ಬೋರ್ಡಿಂಗಿನಲ್ಲಿ ಮೊದಲ ವರ್ಷ ನಾನೂ ಹಾಗೇ ಉಣ್ಣುತ್ತಿದ್ದೆ, ತಟ್ಟೆ ನೋಡದೆ. ಹೋಮ್‌ಸಿಕ್ ಆದವರ ಊಟ ನೋಡಿದರೆ ಗೊತ್ತಾಗುತ್ತದೆ. ಆಗ ನನಗೆ ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ನನ್ನ ಗೆಳತಿ ಜಸ್ಬೀರಳ ಮನೆ ನೆನಪಾಯಿತು. ಭಾನುವಾರ ಅವಳ ತಾಯಿ ಕರಿದ ಬಟೂರೆ, ಕಾಬೂಲಿ ಕಡಲೆಯ ಕಪ್ಪಗೆ ಹೊಳೆಯುವ ಚೋಲೆ. ನನಗೆ ಆ ಅಡುಗೆ ಬರುತ್ತಿತ್ತು. ಭಾನುವಾರಕ್ಕೆ ಚೋಲೆ ಬಟೂರೆ ಎಂದು ಬೋರ್ಡಿನ ಮೇಲೆ ಬರೆದೆ. ಆ ವಾರವೆಲ್ಲ ಗಂಡಸರು ಬೋರ್ಡಿನ ಮುಂದೆ ನಿಂತು ಹೋಗುತ್ತಿದ್ದರು, ಓದಲು ಬಾರದವರೂ.

ಬಟೂರೆ ಚೆನ್ನಾಗಿ ಬಂತು. ಮೈದಾಕ್ಕೆ ಮೊಸರು, ಚೂರು ರವೆ. ನಮ್ಮ ಸೆಕೆಗೆ ಹಿಟ್ಟು ಬೇಗ ಹುಳಿಯುತ್ತದೆ, ಆದ್ದರಿಂದ ಒದ್ದೆ ಬಟ್ಟೆ ಮುಚ್ಚಿ ನೀರಿನ ಕೊಡಗಳ ಪಕ್ಕದ ತಂಪು ಮರಳಿನಲ್ಲಿಟ್ಟೆ. ಎಣ್ಣೆಗೆ ಬಿಟ್ಟ ಕೂಡಲೇ ಉಬ್ಬಿತು. ಹುಲಿಗೆವ್ವ ಅದನ್ನು ಜಾಲರಿ ಸೌಟಿನಲ್ಲಿ ಎತ್ತಿ ಹಿಡಿದು, "ನೋಡ್ರಿ ಬಾಯಾರ, ನಮ್ಮೂರ ಗೌಡನ ಹೊಟ್ಟಿ ಇದ್ದಂಗ ಐತಿ. ಚುಚ್ಚಿದ್ರ ಬರೇ ಗಾಳಿ," ಎಂದಳು. ಆದರೆ ಕಡಲೆ ಬೇಯಲಿಲ್ಲ. ರಾತ್ರಿಯಿಡೀ ನೆನೆದು, ಬೆಳಗಿನಿಂದ ಕುದಿದು, ಬಡಿಸುವ ಹೊತ್ತಿಗೂ ಕಲ್ಲು ಕಲ್ಲೇ. ಕುಲುಮೆಯ ಬಿಶನ್ ಎನ್ನುವ ಯುಪಿಯ ಹುಡುಗ, ತೆಳ್ಳಗೆ, ನಗುಮುಖದವನು, ಒಂದು ಕಾಳನ್ನು ಮೇಜಿನ ಮೇಲೆ ಉರುಳಿಸಿ, ಇದನ್ನು ನಮ್ಮ ಕುಲುಮೆಗೆ ಕೊಡಿ ಮೇಡಂಜಿ, ಕಬ್ಬಿಣ ಬಂದರೂ ಬಂದೀತು ಎಂದ. ಎಲ್ಲರೂ ನಕ್ಕರು. ನಕ್ಕವರೆಲ್ಲ ಆ ಮೇಲೆ ಮತ್ತೆ ತಲೆ ತಗ್ಗಿಸಿದರು. ನನಗೆ ಅದೇ ಕಷ್ಟವಾಯಿತು.

ಮುಂದಿನ ವಾರ ಅಡುಗೆ ಸೋಡಾ ಹಾಕಿದೆ. ಕಾಳು ಹೊರಗೆ ಗಂಜಿಯಾಗಿ ಒಳಗೆ ಗಟ್ಟಿಯೇ ಉಳಿಯಿತು, ಬಾಯಿಗೆ ಸಾಬೂನಿನ ರುಚಿ. ಅಡ್ಮಿನ್ ಆಫೀಸರ್ ಕುಲಕರ್ಣಿ ಸಾಹೇಬರು, ಧಾರವಾಡದ ಕಡೆಯ ಸೌಮ್ಯ ಮನುಷ್ಯರು, ನನ್ನನ್ನು ಕರೆಸಿ, ಊಟದ ಕಂಪ್ಲೇಂಟ್ ಮೇಲಿನವರಿಗೆ ಮುಟ್ಟಿದೆ, ಗಂಗಾವತಿ ಕಡೆಯ ಒಬ್ಬ ಕಾಂಟ್ರಾಕ್ಟರ್ ಕ್ಯಾಂಟೀನ್ ಕೇಳುತ್ತಿದ್ದಾನೆ, ಅವನು ಬಂದರೆ ತನ್ನ ಅಡುಗೆಯವರನ್ನೇ ಕರೆತರುತ್ತಾನೆ ಎಂದರು. ಅಂದರೆ ಫಕೀರವ್ವ, ಹುಲಿಗೆವ್ವ, ಉಳಿದವರು ಎಲ್ಲ ಮನೆಗೆ. ಆ ಹೆಣ್ಣುಮಕ್ಕಳಿಗೆ ಆ ಕೆಲಸ ಬಿಟ್ಟರೆ ಕಂಡವರ ಹೊಲದ ಕೂಲಿ, ಅದೂ ಮಳೆ ಬಂದರೆ.

ತಪ್ಪು ನೀರಿನದು. ಫ್ರ್ಯಾಂಕ್ಲಿ, ನನಗದು ಮೊದಲೇ ಹೊಳೆಯಬೇಕಿತ್ತು. ಡ್ಯಾಮಿನ ಮೆದು ನೀರು ಪೈಪಿನಲ್ಲಿ ಕುಲುಮೆಗೆ ಹೋಗುತ್ತಿತ್ತು, ಬೋರಿನ ಗಡುಸು ನೀರು ಮನುಷ್ಯರಿಗೆ. ನಮ್ಮ ಯಲಬುರ್ಗಾ ಮನೆಯಲ್ಲೂ ಕುಡಿಯುವ ನೀರು ಬೇರೆ, ಬೇಳೆ ಬೇಯುವ ನೀರು ಬೇರೆ; ಬೇಳೆ ನೀರಿಗೆಂದು ಅಜ್ಜಿ ದೂರದ ಬಾವಿಗೆ ಕಳಿಸುತ್ತಿದ್ದಳು. ಈ ಸೀಮೆಯಲ್ಲಿ ಪ್ರತಿ ಊರಿಗೂ ಅಂಥದ್ದೊಂದು ಬಾವಿ ಇರುತ್ತದೆ. ಹಾಗಾಗಿ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಕೇಳಿದೆ, ನಿಮ್ಮ ಕಡೆ ಬೇಳೆ ಬೇಯುವ ನೀರು ಎಲ್ಲಿದೆ ಎಂದು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಹುಲಿಗೆವ್ವ ಕೂಡ. ಅವಳು ಸುಮ್ಮನಿದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. ಕೊನೆಗೆ ಫಕೀರವ್ವ ಬಾಯೊಳಗಿನದನ್ನು ಹೊರಗೆ ಉಗಿದು ಬಂದು ಕೂತಳು.

"ನೀರು ಐತ್ರಿ. ಇಲ್ಲೇ ಐತಿ. ಆದ್ರ ಅದು ನಮ್ಮದಲ್ಲ. ಕೇಳಿ ತರಬೇಕು."

"ಯಾರನ್ನ ಕೇಳಬೇಕು?"

"ನೀರು ಕೊಡೂ ಆಕಿನ್ನ."

ಕಾರ್ಖಾನೆಯ ಹಿಂದಿನ ಗೋಡೆ ದಾಟಿದರೆ ಒಂದು ಹಾಳೂರು. ಈ ಹೆಣ್ಣುಮಕ್ಕಳ ಹಿರಿಯರು ಇದ್ದ ಊರು ಅದು. ಬ್ಯಾನಿ, ಅಂದರೆ ರೋಗ, ಬಂದು ಜನ ಬಿಟ್ಟೆದ್ದು, ಈಗಿನ ಹಳ್ಳಿ ಕಟ್ಟಿಕೊಂಡರಂತೆ. ಶನಿವಾರ ಊಟ ಮುಗಿಸಿ, ಕೈಗಾಡಿಯಲ್ಲಿ ಡಬ್ಬಿಗಳನ್ನಿಟ್ಟುಕೊಂಡು ಹೋದೆವು. ನೆತ್ತಿ ಸುಡುವ ಮಧ್ಯಾಹ್ನ. ಸೊಂಟದ ಎತ್ತರಕ್ಕೆ ಗೋಡೆಗಳು, ಒಲೆಗಳ ನಡುವೆ ಎದ್ದ ಬೇವು, ಹೊತ್ತೊಯ್ಯಲಾಗದೆ ಬಿಟ್ಟ ಒಳಕಲ್ಲುಗಳು. ಒಳಕಲ್ಲಿನ ಕುಳಿಗಳು ಬಾಯಿ ತೆರೆದುಕೊಂಡು ಆಕಾಶ ನೋಡುತ್ತಿದ್ದವು. ಕಾರ್ಖಾನೆಯ ಸದ್ದು ಗೋಡೆಯವರೆಗೆ ನಮ್ಮ ಜೊತೆ ಬಂದಿತ್ತು. ಮೊದಲ ಮನೆ ದಾಟಿದ ಮೇಲೆ ಇರಲಿಲ್ಲ. ಗಾಳಿ ದಿಕ್ಕು ಬದಲಾಗಿರಬೇಕು ಎಂದುಕೊಂಡೆ. ಗಾಳಿಯೇ ಇರಲಿಲ್ಲ.

ದಾರಿಯಲ್ಲಿ ಫಕೀರವ್ವ ಹೇಳಿದಳು. ಊರು ಬಿಡುವಾಗ ಗೌರವ್ವ ಎನ್ನುವ ಒಬ್ಬಳು ಬರಲಿಲ್ಲವಂತೆ. ಗಂಡ ಬಂಡಿ ತರಲೆಂದು ಕುಷ್ಟಗಿ ಕಡೆ ಹೋಗಿದ್ದ. ಎಲ್ಲರೂ ಕೈ ಹಿಡಿದು ಎಳೆದರೂ ಅವಳು, ಆಂವ ಬಂದು ಕರದ್ರ ಓ ಅನ್ನಾಕ ಒಬ್ಬರಾದ್ರೂ ಇರಬೇಕಲ್ಲ ಎಂದು ಬಾವಿ ಕಟ್ಟೆ ಹಿಡಿದು ಕೂತಳಂತೆ. ಗಂಡ ಬರಲಿಲ್ಲ. ಅವಳು ಯಾವಾಗ ಸತ್ತಳು ಯಾರಿಗೂ ತಿಳಿಯದು. ಮುಂದೆ ಬೇಳೆ ನೀರಿಗೆಂದು ಬಂದವರು ಯಾರೋ ಹಳೇ ರೂಢಿಯಂತೆ ಗೌರವ್ವನ ಹೆಸರು ಕೂಗಿದರು. ಓ ಎಂದು ಕೇಳಿತು. ಅಂದಿನಿಂದ ಹೀಗೆ: ಕರೆಯಬೇಕು, ಓ ಎನ್ನುವವರೆಗೆ ಕಾಯಬೇಕು, ಮೊದಲ ಕೊಡ ಬಾವಿಗೇ ಸುರಿಯಬೇಕು, ಆ ನೀರಿನಲ್ಲಿ ಏನು ಬೆಂದರೂ ಮೊದಲ ಎಲೆ ಅವಳಿಗೆ.

ಫಕೀರವ್ವ ಕಟ್ಟೆಗೆ ಕೈಯೂರಿ ಕರೆದಳು. "ಗೌರವ್ವಾ, ನೀರಿಗೆ ಬಂದೀವಿ."

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೆಳಗಿನಿಂದ, ಅವಸರವಿಲ್ಲದೆ, ಓ ಎಂದು ಬಂತು.

ಪ್ರತಿಧ್ವನಿ. ನಮ್ಮ ಸಿಸ್ಟರ್ ಫಿಸಿಕ್ಸ್ ಕ್ಲಾಸಿನಲ್ಲಿ ಸ್ಕೂಲಿನ ಬಾವಿಯ ಹತ್ತಿರ ಕರೆದೊಯ್ದು ತೋರಿಸಿದ್ದರು. ಆದರೆ ಪ್ರತಿಧ್ವನಿ ಆಗಿದ್ದರೆ ಬಂದೀವಿ ಎಂದದ್ದರ ಬಾಲ ಮರಳಬೇಕಿತ್ತು. ಬಾವಿ ದುಂಡಗಿದೆ, ಸದ್ದೂ ದುಂಡಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆಗಲೇ ನನ್ನಿಂದ ಒಂದು ಬ್ಲಂಡರ್ ಆಯಿತು. ಅಡುಗೆಮನೆಯ ಅಭ್ಯಾಸದಲ್ಲಿ, "ಹುಲಿಗೆವ್ವಾ, ಹಗ್ಗ ಹಿಡಿ," ಎಂದು ಕೂಗಿಬಿಟ್ಟೆ. ಓ ಎಂದು ಬಂತು. ಹುಲಿಗೆವ್ವ ನನ್ನ ಎದುರಿಗೇ ನಿಂತಿದ್ದಳು, ತುಟಿ ಬಿಗಿ ಹಿಡಿದುಕೊಂಡು, ಕಣ್ಣಿನಲ್ಲೇ ಬೇಡ ಬೇಡ ಎನ್ನುತ್ತ.

ಫಕೀರವ್ವ ಬೈಯಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ, "ಇಲ್ಲಿ ಯಾರ ಹೆಸರೂ ಕೂಗಬ್ಯಾಡ್ರಿ. ಯಾರನ್ನ ಕರದ್ರೂ ಆಕಿ ತನ್ನನ್ನ ಕರದಾರ ಅನಕೋತಾಳ. ಸುಮ್ಮ ಆಸೆ ಹಚ್ಚಿದಂಗ ಆಗತೈತಿ," ಎಂದಳು.

ಕಡಲೆ ಬೆಂದವು. ಬೆರಳಿನಲ್ಲಿ ಒತ್ತಿದರೆ ಬೆಣ್ಣೆ. ಚಹಾ ಪುಡಿಯ ಗಂಟು, ಒಣ ನೆಲ್ಲಿಕಾಯಿ ಹಾಕಿ ಕುದಿಸಿದ್ದಕ್ಕೆ ಜಸ್ಬೀರಳ ಮನೆಯ ಕಪ್ಪು ಬಣ್ಣ. ಮೊದಲ ಬಟೂರೆ, ಮೊದಲ ಸೌಟು ಚೋಲೆ ಮುತ್ತುಗದ ಎಲೆಯಲ್ಲಿ ಬಾವಿಗೆ ಹೋಯಿತು. ಆ ದಿನ ಗಂಡಸರು ತಲೆಯೆತ್ತಿ ಉಂಡರು. ಬಿಶನ್ ಮತ್ತೆ ಮತ್ತೆ ಹಾಕಿಸಿಕೊಂಡು, ನಮ್ಮ ಅಮ್ಮನ ಕೈಯದ್ದೇ ಇದು ಎಂದ. ಅವರ ಊರಿನಲ್ಲಿ ನಿಜಕ್ಕೂ ಚೋಲೆ ಬಟೂರೆ ಮಾಡುತ್ತಿದ್ದರೋ ಇಲ್ಲವೋ ದೇವರಿಗೆ ಗೊತ್ತು. ಅವನಿಗೆ ಹಾಗನಿಸಿತು, ಸಾಕು. ಕಾಂಟ್ರಾಕ್ಟರನ ಮಾತು ಅಲ್ಲಿಗೆ ನಿಂತಿತು. ಮುಂದಿನ ಶನಿವಾರ ನೀರಿಗೆ ಹೋದಾಗ ಎಲೆ ಕಟ್ಟೆಯ ಮೇಲೆ ಇತ್ತು, ತೊಳೆದು ಬೋರಲು ಹಾಕಿ, ಗಾಳಿಗೆ ಹಾರದಂತೆ ಮೇಲೊಂದು ಕಲ್ಲು. ಮಂಗ ತಿಂದಿರಬೇಕು ಎಂದೆ. ಹುಲಿಗೆವ್ವ ಕಲ್ಲು ನೋಡಿದಳು, ನನ್ನನ್ನು ನೋಡಿದಳು. "ಉಂಡ ಎಲಿ ತೊಳದು ಇಟ್ಟಾಳ. ನಮ್ಮ ಮನಿ ಗಂಡಸರಿಗೆ ಈ ಬುದ್ಧಿ ಇಲ್ಲ," ಎಂದು ಪಿಸುಗುಟ್ಟಿದಳು.

ಹೀಗೆ ವರ್ಷಗಳು ನಡೆದವು. ನಿಮಗೆ ಆಶ್ಚರ್ಯವಾಗಬಹುದು, ಹೆದರಿಕೆಗೂ ರೂಢಿ ಬಿದ್ದುಬಿಡುತ್ತದೆ. ವಾರಕ್ಕೊಮ್ಮೆ ಒಬ್ಬರ ಮನೆ ಬಾಗಿಲಿಗೆ ಹೋಗಿ ನೀರು ಕೇಳಿ ತರುವುದು, ಅಷ್ಟೇ ಎನಿಸುತ್ತಿತ್ತು. ನಾನು ಕಾಂಪೌಂಡಿನಲ್ಲಿ ಇಂಗ್ಲಿಷಿನಲ್ಲಿ ರಿಪೋರ್ಟ್ ಬರೆದು, ಹಾಳೂರಿನಲ್ಲಿ ಚಪ್ಪಲಿ ಕಳಚಿ ನಿಲ್ಲುತ್ತಿದ್ದೆ. ಎರಡೂ ನನ್ನ ಕೆಲಸವೇ ಆಗಿದ್ದವು.

ಕಾರ್ಖಾನೆ ಬೆಳೆಯಿತು. ಎರಡನೇ ಕುಲುಮೆ, ಹೆಚ್ಚು ಜನ, ಹೆಚ್ಚು ತಟ್ಟೆ. ಮೇಲಿನವರಿಗೆ ಕೈಗಾಡಿಯಲ್ಲಿ ನೀರು ತರುವ ಕ್ಯಾಂಟೀನ್ ಅವಮಾನವೆನಿಸಿತು. ಬಾವಿಗೆ ಮೋಟರ್ ಇಟ್ಟು, ಕ್ಯಾಂಟೀನ್ ಹಿಂದಿನ ನೆಲದ ತೊಟ್ಟಿಗೆ ಪೈಪ್ ಎಳೆಯುವುದೆಂದು, ಅಡುಗೆಯನ್ನು ಕಾಂಟ್ರಾಕ್ಟರಿಗೆ ಕೊಡುವುದೆಂದು ಒಂದೇ ಆರ್ಡರಿನಲ್ಲಿ ಬಂತು. ನನ್ನನ್ನು ಮೇಲ್ವಿಚಾರಣೆಗೆ ಇಟ್ಟುಕೊಂಡರು, ಹೆಣ್ಣುಮಕ್ಕಳನ್ನು ಬಿಡಿಸಿದರು. ನಾನು ಕುಲಕರ್ಣಿ ಸಾಹೇಬರ ಹತ್ತಿರ ಹೋಗಿ ಜಗಳವಾಡಿದೆ, ಕಾನ್ವೆಂಟ್ ಇಂಗ್ಲಿಷೆಲ್ಲ ಖರ್ಚು ಮಾಡಿದೆ. ಅವರು ಕನ್ನಡಕ ಒರೆಸುತ್ತ, ನನ್ನ ಕೈಯಲ್ಲಿ ಇಲ್ಲ ತಾಯಿ ಎಂದರು. ಇರಲಿಲ್ಲ, ನಿಜ.

ಫಕೀರವ್ವ ಕೆಲಸ ಉಳಿಸಿ ಎಂದು ಕೇಳಲಿಲ್ಲ. ಹೋಗುವ ದಿನ ತನ್ನ ರೊಟ್ಟಿ ಗಂಟು ಬಗಲಿಗೆ ಸಿಕ್ಕಿಸಿಕೊಂಡು ನನ್ನ ಮುಂದೆ ನಿಂತು ಒಂದೇ ಮಾತು ಹೇಳಿದಳು.

"ಮೋಟರ್ ಚಾಲೂ ಮಾಡೂ ಮೊದಲ ಒಮ್ಮಿ ಕರೀರಿ. ಓ ಅನ್ನೂತನಾ ತಡೀರಿ. ಅಷ್ಟ ಮಾಡಿದ್ರ ಸಾಕು."

ನಾನು ಎಲೆಕ್ಟ್ರಿಷಿಯನ್‌ಗೆ ಹೇಳಿದೆ. ಅವನು ಕಾಂಟ್ರಾಕ್ಟರ್ ರಾಮರಾಯನ ಮುಖ ನೋಡಿದ. ರಾಮರಾಯ ಗಂಗಾವತಿ ಕಡೆಯ ಕಾಲುವೆ ಸೀಮೆಯ ತೆಲುಗಿನವನು, ಬಿಳಿ ಬಟ್ಟೆ, ಬಾಯಿತುಂಬ ಮರ್ಯಾದೆ. "ಮೇಡಂಗಾರು, ನೀರು ಅಂದ್ರೆ ನೀರೇ ಅಲ್ಲವಾ. ಅದಕ್ಕೆ ಅಪಾಯಿಂಟ್‌ಮೆಂಟ್ ಏನು," ಎಂದು ನಗುತ್ತ ಸ್ವಿಚ್ ತಾನೇ ಒತ್ತಿದ. ತೊಟ್ಟಿಗೆ ನೀರು ಬಿದ್ದ ಸದ್ದು ಕೇಳಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಆ ಭಾನುವಾರ ರಾಮರಾಯನ ಅಡುಗೆಯವರು ಟೋಪಿ ಹಾಕಿಕೊಂಡು ಚೋಲೆ ಬೇಯಿಸಿದರು. ಕಡಲೆ ಬೆಂದವು, ಅದರಲ್ಲಿ ತಕರಾರಿಲ್ಲ. ಬಡಿಸುವ ಹೊತ್ತಿಗೆ ಮುಖ್ಯ ಅಡುಗೆಯವನು ಒಲೆಯ ಹತ್ತಿರದಿಂದ ತನ್ನ ಕೈಕೆಳಗಿನವನನ್ನು ಶೀನಾ ಎಂದು ಕೂಗಿದ. ತೊಟ್ಟಿಯ ಕಡೆಯಿಂದ ಓ ಎಂದು ಬಂತು. ಹೆಂಗಸಿನ ದನಿ. ಶೀನ ಆಗ ಮುಂದಿನ ಹಾಲಿನಲ್ಲಿ ತಟ್ಟೆ ಜೋಡಿಸುತ್ತಿದ್ದ. ಅಡುಗೆಯವನು ಯಾರೋ ತಮಾಷೆ ಮಾಡುತ್ತಿದ್ದಾರೆಂದು ತಿಳಿದು ಇನ್ನೊಮ್ಮೆ ಕೂಗಿದ. ಇನ್ನೊಮ್ಮೆ ಬಂತು, ಈ ಸಲ ಇನ್ನೂ ಹತ್ತಿರದಿಂದ. ಹಿಂದಿನ ಬಾಗಿಲು ತೆರೆದು ನೋಡಿದರು. ತೊಟ್ಟಿ, ಅದರ ತಗಡಿನ ಮುಚ್ಚಳ, ಬಿಸಿಲು.

ಮೊದಲೊಂದೆರಡು ವಾರ ಅದು ಹುಡುಗರಿಗೆ ಆಟ. ತೊಟ್ಟಿಯ ಹತ್ತಿರ ಹೋಗಿ ಫೋರ್‌ಮನ್ ಹೆಸರು ಕೂಗುವುದು, ಸಿನಿಮಾ ತಾರೆಯರ ಹೆಸರು ಕೂಗುವುದು, ಓ ಎಂದ ಕೂಡಲೇ ಬಿದ್ದು ಬಿದ್ದು ನಗುವುದು. ಆಮೇಲೆ ಒಂದು ದಿನ ಬಿಶನ್ ಊಟದ ತಟ್ಟೆ ಹಿಡಿದುಕೊಂಡೇ ತೊಟ್ಟಿಯ ಹತ್ತಿರ ಹೋಗಿ ಅಮ್ಮಾ ಎಂದು ಕರೆದ. ಅವರ ಭಾಷೆಯಲ್ಲೂ ಅಮ್ಮಾ ಎಂದೇ ಕರೆಯುತ್ತಾರೆ. ಓ ಎಂದು ಬಂತು. ಅವನು ನಗಲಿಲ್ಲ. ಅವನ ತಾಯಿ ಆ ಹಿಂದಿನ ಚಳಿಗಾಲ ತೀರಿಕೊಂಡಿದ್ದಳು. ರಜೆ ಸಿಕ್ಕು ಅವನು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಲ್ಲಿಂದ ಮುಂದೆ ಕ್ಯಾಂಟೀನಿನಲ್ಲಿ ನಗು ನಿಂತಿತು. ಮಧ್ಯಾಹ್ನದ ಬೆಲ್ ಆದ ಕೂಡಲೇ ಗಂಡಸರು ಊಟದ ಸಾಲಿಗೆ ಬರದೆ ಹಿಂದಿನ ಅಂಗಳದಲ್ಲಿ ಸಾಲು ನಿಲ್ಲತೊಡಗಿದರು. ಒಬ್ಬೊಬ್ಬರಾಗಿ ತೊಟ್ಟಿಯ ಹತ್ತಿರ ಹೋಗಿ, ಬಾಗಿ, ಒಂದು ಹೆಸರು ಕರೆಯುವರು. ಹೆಂಡತಿಯ ಹೆಸರು, ಅಕ್ಕನ ಹೆಸರು, ನೋಡದೇ ಬಂದ ಮಗಳ ಹೆಸರು. ಓ ಎನಿಸಿಕೊಂಡು, ಮುಖ ಒರೆಸಿಕೊಂಡು ಪಕ್ಕಕ್ಕೆ ಸರಿಯುವರು. ಭಾನುವಾರಗಳಲ್ಲಿ ಒಳಗೆ ಬಟೂರೆಗಳು ಗಾಳಿ ಬಿಟ್ಟು ಚಪ್ಪಟೆಯಾಗಿ ಚರ್ಮದಂತೆ ಆಗುತ್ತಿದ್ದವು, ಚೋಲೆಯ ಮೇಲೆ ಎಣ್ಣೆ ಕಟ್ಟುತ್ತಿತ್ತು. ಅಷ್ಟು ಜನ, ಅಷ್ಟು ಬೆಳಕು, ಒಂದು ಪಿಸುಮಾತಿಲ್ಲ. ಎಷ್ಟೋ ಹೊತ್ತಿಗೊಮ್ಮೆ ಒಂದು ಹೆಸರು, ಒಂದು ಓ. ನನ್ನ ಇಡೀ ಸರ್ವಿಸಿನಲ್ಲಿ ನಾನು ಹೆದರಿದ್ದು ಆ ಸಾಲಿಗೆ. ಅಷ್ಟು ಜನರಿಗೂ ಸುಸ್ತಾಗದೆ ಉತ್ತರ ಕೊಡುತ್ತಿದ್ದ ಆ ದನಿಗೆ, ದಿನ ಕಳೆದಂತೆ ಅದರಲ್ಲಿ ತುಂಬುತ್ತಿದ್ದ ಆತುರಕ್ಕೆ. ಹಾಳೂರಿನಲ್ಲಿ ಕಾಯಿಸಿ ಓ ಎನ್ನುತ್ತಿದ್ದವಳು ಈಗ ಹೆಸರು ಪೂರ್ತಿ ಬಾಯಿಂದ ಹೊರಡುವ ಮೊದಲೇ ಓ ಎನ್ನುತ್ತಿದ್ದಳು.

ರಾಮರಾಯ ಮುಚ್ಚಳಕ್ಕೆ ಬೀಗ ಹಾಕಿಸಿದ. ದನಿ ನಲ್ಲಿಗಳಲ್ಲಿ ಬಂತು. ಅವನ ಅಡುಗೆಯವರು ಟೋಪಿಗಳನ್ನು ಮೊಳೆಗೆ ಸಿಕ್ಕಿಸಿ, ಹೇಳದೆ ಕೇಳದೆ ಗಂಗಾವತಿ ಬಸ್ ಹತ್ತಿದರು. ಮರುದಿನ ಮಧ್ಯಾಹ್ನ ಬಿಶನ್ ಬೀಗ ಒಡೆದ. ನಾನು ಅಂಗಳಕ್ಕೆ ಓಡಿದಾಗ ಅವನ ತಲೆ, ಭುಜ ತೊಟ್ಟಿಯೊಳಗಿದ್ದವು; ಹಿಂದಿದ್ದ ಇಬ್ಬರು ಅವನ ಅಂಗಿ ಹಿಡಿದೆಳೆದರು. ಅವನು ನನ್ನನ್ನು ನೋಡಿ, ಬಹಳ ಶಾಂತವಾಗಿ ಹೇಳಿದ. "ಮೇಡಂಜಿ, ಅವಳು ಬಾ ಅನ್ನೋದಿಲ್ಲ. ಓ ಅಂತ ಮಾತ್ರ ಅಂತಾಳೆ. ನಾನೇ ಹೋಗಬೇಕು."

ಆ ಸಂಜೆ ಕುಲಕರ್ಣಿ ಸಾಹೇಬರು ತಾವೇ ಕ್ಯಾಂಟೀನಿಗೆ ಬಂದರು. ಕುರ್ಚಿ ಹಾಕಿದರೂ ಕೂರಲಿಲ್ಲ. ನಾನು ಇದನ್ನೆಲ್ಲ ನಂಬುವುದಿಲ್ಲ, ಆದರೆ ಏನಾದರೂ ಮಾಡಿ ಎಂದರು. ಅವರು ನಲ್ಲಿಯ ಕಡೆ ಬೆನ್ನು ಮಾಡದೆ ನಿಂತಿದ್ದನ್ನು ನಾನು ಗಮನಿಸಿದೆ. ನಾನು ಏನು ಮಾಡಬಲ್ಲೆ, ಅದನ್ನು ಮಾಡಬಲ್ಲವರನ್ನು ನೀವು ಮನೆಗೆ ಕಳಿಸಿದಿರಿ ಎಂದೆ. ಅವರನ್ನು ಕರೆಸಿ ಎಂದರು. ಪೈಪ್ ಕೀಳಿಸಬೇಕು, ಅಡುಗೆ ಮತ್ತೆ ಆ ಹೆಣ್ಣುಮಕ್ಕಳ ಕೈಗೆ ಬರಬೇಕು, ಬಾಯಿಮಾತಿನಲ್ಲಿ ಅಲ್ಲ ಎಂದೆ. ಮೇಲಿನವರ ಹತ್ತಿರ ಅವರು ಏನು ಹೇಳಿದರೋ ತಿಳಿಯದು. ಆಯಿತು ಎಂದು ಬಂತು.

ಫಕೀರವ್ವನ ಮನೆಗೆ ಹೋದಾಗ ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಕೆಲಸದ ಮಾತು ಮೊದಲು ಹೇಳಿದೆ. ಅವಳು ಮೊರ ಕೆಳಗಿಡಲಿಲ್ಲ.

"ಕೆಲಸದ್ದು ಆಮ್ಯಾಲೆ ನೋಡೂಣ್ರಿ. ಆಕಿ ಹ್ಯಾಂಗದಾಳ?"

ಹೇಳಿದೆ. ಸಾಲಿನದು, ಆತುರದ್ದು, ಬಿಶನ್‌ನದು. ಅವಳ ಕೈ ನಿಂತಿತು.

"ಕೇಳದ, ಕರೀದ ಕರಕೊಂಡು ಹೋಗ್ಯಾರ, ಬಾಯಾರ. ಯಾಕ ಬಂದೀನಿ ಎಲ್ಲಿ ಬಂದೀನಿ ಆಕಿಗೆ ಗೊತ್ತಿಲ್ಲ. ಇಷ್ಟು ಗಂಡಸರ ದನಿ. ಇದರಾಗ ಒಬ್ಬಂವಾದ್ರೂ ತನ್ನ ಗಂಡ ಇರಬೇಕು ಅಂತ ಎಲ್ಲಾರಿಗೂ ಓ ಅನ್ನಾಕಹತ್ಯಾಳ."

ಮರುದಿನ ಬೆಳಿಗ್ಗೆ ಮೋಟರ್ ಬಿಚ್ಚಿಸಿದೆವು. ಕೊಡ ಹಿಡಿದು ಹೆಣ್ಣುಮಕ್ಕಳೆಲ್ಲ ಬಂದರು, ಮದುಮಗಳನ್ನು ಕರೆದೊಯ್ಯಲು ಬಂದವರ ಹಾಗೆ ಶುಭ್ರ ಸೀರೆ ಉಟ್ಟು. ಫಕೀರವ್ವ ತೊಟ್ಟಿಯ ಹತ್ತಿರ ಕೂತು ಹೆಸರು ಕರೆಯಲಿಲ್ಲ, ಮುಚ್ಚಳ ಸರಿಸಿ, "ಯವ್ವಾ, ಇಲ್ಲಿ ಯಾರೂ ಇಲ್ಲ. ನಡಿ, ಮನಿಗೆ ಹೋಗೂಣು," ಎಂದಳು, ಜ್ವರ ಬಂದ ಮಗುವಿಗೆ ಹೇಳುವ ಹಾಗೆ. ತೊಟ್ಟಿಯ ನೀರನ್ನು ಕೊಡಗಳಲ್ಲಿ ತೋಡಿ ಹಾಳೂರಿಗೆ ಹೊತ್ತರು. ಕೊನೆಯ ತೇವವನ್ನೂ ಬಟ್ಟೆಗೆ ಹೀರಿಸಿ ಹಿಂಡಿಕೊಂಡರು. ಬಿಶನ್ ದೂರ ನಿಂತು ನೋಡುತ್ತಿದ್ದ. ಫಕೀರವ್ವ ಅವನ ಕೈಗೂ ಒಂದು ಕೊಡ ಕೊಟ್ಟಳು, ಮಾತಿಲ್ಲದೆ. ಅವನು ಅದನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು ನಡೆದ, ಒಂದು ಹನಿ ಚೆಲ್ಲದೆ. ನಾನೂ ಒಂದು ಕೊಡ ಹೊತ್ತೆ. ಕೊಡದ ನೀರು ಅಲುಗಾಡಬೇಕಲ್ಲ, ನಡೆಯುವಾಗ? ನನ್ನದು ಅಲುಗಾಡಲಿಲ್ಲ. ಕಿವಿಯ ಹತ್ತಿರವೇ ಇತ್ತು, ಉಸಿರು ಬಿಗಿಹಿಡಿದವರಂತೆ ಸುಮ್ಮನೆ.

ಎಲ್ಲ ಬಾವಿಗೆ ಸುರಿದ ಮೇಲೆ ಫಕೀರವ್ವ ಕರೆದಳು. ಏನೂ ಬರಲಿಲ್ಲ. ಬೇವಿನ ಎಲೆ ಒಂದು ಬಾವಿಗೆ ಬಿದ್ದು ಬಹಳ ಹೊತ್ತು ತಿರುಗಿತು. ಹುಲಿಗೆವ್ವ ಅಳಲು ಶುರುಮಾಡಿದಳು. ಫಕೀರವ್ವ ಕೈಯೆತ್ತಿ ತಡೆದಳು. ಆಗ ಬಂತು, ತೀರ ಕೆಳಗಿನಿಂದ, ದಣಿದ ದನಿಯಲ್ಲಿ, ಹಳೆಯ ಹಾಗೆ ಅವಸರವಿಲ್ಲದೆ. ಬಿಶನ್ ನೆಲಕ್ಕೆ ಹಣೆ ಹಚ್ಚಿದ. ಆ ತಿಂಗಳೇ ಅವನು ಕೆಲಸ ಬಿಟ್ಟು ಊರಿಗೆ ಹೋದ. ಒಳ್ಳೆಯದಾಯಿತು.

ಅಡುಗೆ ಮರಳಿ ನಮ್ಮ ಕೈಗೆ ಬಂತು. ಅಂದಿನಿಂದ ಆ ಅಡುಗೆಮನೆಯಲ್ಲಿ ಯಾರೂ ಯಾರ ಹೆಸರನ್ನೂ ಕೂಗಲಿಲ್ಲ. ಬೇಕಾದವರ ಹತ್ತಿರ ಹೋಗಿ ಭುಜ ಮುಟ್ಟುತ್ತಿದ್ದೆವು. ಇನ್‌ಸ್ಪೆಕ್ಷನ್‌ಗೆ ಬಂದವರು ಎಂಥ ಡಿಸಿಪ್ಲಿನ್ ಎಂದು ಬರೆದು ಹೋಗುತ್ತಿದ್ದರು.

ನೀವು ಸೇರುವ ಕ್ಯಾಂಟೀನುಗಳಲ್ಲಿ ಈ ಗೋಳಿಲ್ಲ. ನಮ್ಮಲ್ಲಿಗೂ ಆರ್.ಓ. ಬಂತು, ದೊಡ್ಡ ಕುಕ್ಕರುಗಳು ಬಂದವು, ಯಾವ ನೀರಿಗೂ ಕಡಲೆ ಬೇಯುವಂತಾಯಿತು. ಹೆಣ್ಣುಮಕ್ಕಳ ಕೆಲಸ ಖಾಯಂ ಆಯಿತು. ಅದಕ್ಕಾಗಿಯೇ ನಾವು ಅಷ್ಟೆಲ್ಲ ಮಾಡಿದ್ದು. ಬಾವಿಯ ಅಗತ್ಯ ಯಾರಿಗೂ ಉಳಿಯಲಿಲ್ಲ. ನಾನು ರಿಟೈರ್ ಆಗುವ ಮೊದಲು ಹಾಳೂರಿನ ಜಾಗ ಕಾರ್ಖಾನೆಗೆ ಸೇರಿ, ಕುಲುಮೆಯ ಕಿಟ್ಟ, ಅಂದರೆ ಕಬ್ಬಿಣ ಕರಗಿದ ಮೇಲೆ ಉಳಿಯುವ ಕಸ, ಸುರಿಯಲು ನಿಗದಿಯಾಯಿತು. ನಾವೆಲ್ಲ ಹೋಗಿ ಕೇಳಿಕೊಂಡೆವು. ಕುಲಕರ್ಣಿ ಸಾಹೇಬರ ಜಾಗಕ್ಕೆ ಬಂದಿದ್ದ ಚಿಕ್ಕ ವಯಸ್ಸಿನ ಆಫೀಸರ್ ಚಹಾ ತರಿಸಿ, ಎಲ್ಲ ಸಾವಧಾನದಿಂದ ಕೇಳಿ, ಬೇಕಾದರೆ ಬೇರೆ ಕಡೆ ಒಂದು ಕಟ್ಟೆ ಕಟ್ಟಿಸಿಕೊಡುತ್ತೇನೆ ಎಂದ. ಒಳ್ಳೆಯ ಹುಡುಗ. ಲಾರಿಗಳು ಬಂದವು.

ಕಳೆದ ಬೇಸಿಗೆಯಲ್ಲಿ ಫಕೀರವ್ವನನ್ನು ನೋಡಲು ಹೋಗಿದ್ದೆ. ಅವಳೂ ಈಗ ಮನೆಯಲ್ಲೇ. ಇಬ್ಬರೂ ಕೋಲೂರಿಕೊಂಡು ಬೇಲಿಯವರೆಗೆ ನಡೆದೆವು. ಒಳಗೆ ಕಪ್ಪು ದಿಣ್ಣೆಗಳು, ಬಿಸಿಲಿಗೆ ಮಿನುಗುವ ಕಿಟ್ಟ, ಒಂದು ಹಕ್ಕಿಯಿಲ್ಲ. ಬಾವಿ ಎಲ್ಲಿತ್ತೆಂದು ನನಗೆ ತಿಳಿಯಲಿಲ್ಲ. ಅವಳು ಬೆರಳು ತೋರಿಸಿದಳು. ಅಲ್ಲಿ ದಿಣ್ಣೆ ಎಲ್ಲಕ್ಕಿಂತ ಎತ್ತರ.

"ಒಮ್ಮೆ ಕರಿ, ಫಕೀರವ್ವ," ಎಂದೆ, ಮೆಲ್ಲಗೆ.

ಅವಳು ನನ್ನ ಬಾಯಿಯ ಮೇಲೆ ಕೈ ಇಟ್ಟಳು.

"ಬ್ಯಾಡ್ರಿ ಬಾಯಾರ. ಕರದ್ರ ಆಕಿ ಓ ಅಂದೇ ಅಂತಾಳ. ಇಷ್ಟು ಭಾರ ಮ್ಯಾಲ ಹೊತ್ಕೊಂಡು, ಓ ಅನ್ನೂದಂದ್ರ ಆಕಿಗೆ ಎಷ್ಟು ತ್ರಾಸ ಆದೀತು."

ನಾವು ಸದ್ದು ಮಾಡದೆ, ಒಬ್ಬರ ಭುಜ ಒಬ್ಬರು ಹಿಡಿದುಕೊಂಡು, ರಸ್ತೆಯವರೆಗೆ ಬಂದೆವು.